ಕರುಳಿನ ಮಡಿಕೆಯ ಹಿಂದೆ

1985ರ ಜುಲೈ 12, ಶುಕ್ರವಾರ. ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ವಾಷಿಂಗ್ಟನ್ ಪಕ್ಕದ ಬೆಥೆಸ್ಡಾದಲ್ಲಿರುವ ನೌಕಾಪಡೆಯ ಆಸ್ಪತ್ರೆಗೆ ಬಂದರು. ಬಂದದ್ದು ಸಣ್ಣ ಕೆಲಸಕ್ಕೆ. ದೊಡ್ಡ ಕರುಳಿನಲ್ಲಿ ಕೆಲವು ತಿಂಗಳ ಹಿಂದೆ ಕಂಡಿದ್ದ ಒಂದು ಪುಟ್ಟ ಪಾಲಿಪನ್ನು ತೆಗೆಸಿಕೊಳ್ಳಬೇಕಿತ್ತು. ಅದನ್ನು ತೆಗೆದಾಯಿತು. ಆಮೇಲೆ ವೈದ್ಯರು ನಳಿಕೆಯನ್ನು ಮುಂದೆ ಮುಂದೆ ಸಾಗಿಸಿ ಇಡೀ ದೊಡ್ಡ ಕರುಳನ್ನು ನೋಡುತ್ತ ಹೋದಾಗ, ಅದರ ಆ ತುದಿಯಲ್ಲಿ, ಸಣ್ಣ ಕರುಳು ಬಂದು ಸೇರುವ ಸೀಕಮ್ ಎಂಬ ಚೀಲದಂತಹ ಭಾಗದಲ್ಲಿ, ಸುಮಾರು ಐದು ಸೆಂಟಿಮೀಟರ್ ಅಗಲದ ಗಡ್ಡೆಯೊಂದು ಕುಳಿತಿತ್ತು. ಮರುದಿನವೇ ಶಸ್ತ್ರಚಿಕಿತ್ಸೆ. ಎರಡು ಅಡಿಯಷ್ಟು ಕರುಳನ್ನು ಕತ್ತರಿಸಿ ತೆಗೆದರು. ಸೋಮವಾರ ವರದಿ ಬಂತು: ಕ್ಯಾನ್ಸರ್.

ಅದು ಬೇರೆಡೆಗೆ ಹರಡಿರಲಿಲ್ಲ. ರೇಗನ್ ಆಮೇಲೆ ಹತ್ತೊಂಬತ್ತು ವರ್ಷ ಬದುಕಿದರು. ಆದರೆ ಆ ವಾರ ಪತ್ರಿಕೆಗಳು ಕೇಳಿದ ಪ್ರಶ್ನೆ ಬೇರೆಯೇ. ಮೊದಲ ಪಾಲಿಪ್ ಸಿಕ್ಕಿದ್ದು 1984ರಲ್ಲಿ. ಆಗಲೇ ಇಡೀ ಕರುಳನ್ನು ಯಾಕೆ ನೋಡಲಿಲ್ಲ? ಜಗತ್ತಿನ ಅತ್ಯಂತ ಬಲಿಷ್ಠ ಹುದ್ದೆಯಲ್ಲಿದ್ದವನ ಹೊಟ್ಟೆಯೊಳಗೆ ಐದು ಸೆಂಟಿಮೀಟರಿನ ಗಡ್ಡೆ ಬೆಳೆಯುತ್ತಿದ್ದರೂ, ಸುತ್ತ ಅಷ್ಟೊಂದು ವೈದ್ಯರಿದ್ದರೂ, ಅದು ಯಾರಿಗೂ ಗೊತ್ತಾಗಲಿಲ್ಲವೇಕೆ?

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತೇವೆ. ಕರುಳಿನ ಹುಣ್ಣಿಗೆ ಏನು ಬೇಕು ಎನ್ನುವುದಕ್ಕೆ ಉತ್ತರ ಹುಡುಕುತ್ತ ವೈದ್ಯಕೀಯ ಲೋಕ ಇಡೀ ಇಪ್ಪತ್ತನೇ ಶತಮಾನವನ್ನು ಕಳೆಯಿತು. ಆ ಹುಡುಕಾಟದ ಕೊನೆಯ ಅಧ್ಯಾಯ ಸಿ.ಟಿ. ಸ್ಕ್ಯಾನಿನದು. ಹೊರಗಿನಿಂದ ತೆಗೆದ ಚಿತ್ರಗಳಿಂದಲೇ ಕರುಳಿನ ಒಳಗನ್ನು ಕಂಪ್ಯೂಟರಿನ ತೆರೆಯ ಮೇಲೆ ಕಟ್ಟಿ, ಅದರೊಳಗೆ ಸಂಚರಿಸುವ ವಿಧಾನ ಅದು. ಈ ವಿಧಾನ ಹುಟ್ಟಿದ ಮೇಲೆ ಅದನ್ನು ನಂಬಬೇಕೋ ಬೇಡವೋ ಎಂದು ನಡೆದ ಜಗಳ, ನನ್ನ ಮಟ್ಟಿಗೆ, ಯಂತ್ರದ ಕತೆಗಿಂತ ದೊಡ್ಡದು.

ಪಾಲಿಪ್ ಎಂದರೆ ಕರುಳಿನ ಒಳಗೋಡೆಯ ಮೇಲೆ ಏಳುವ ಮಾಂಸದ ಗುಬುಟು. ಕೆಲವು ಅಣಬೆಯ ಹಾಗೆ ತೊಟ್ಟಿನ ಮೇಲೆ ನಿಂತಿರುತ್ತವೆ. ಕೆಲವು ನರುಲಿಯಂತೆ ಗೋಡೆಗೆ ಅಂಟಿಕೊಂಡಿರುತ್ತವೆ. ಇನ್ನು ಕೆಲವು ತೀರ ಚಪ್ಪಟೆ, ಕಣ್ಣಿಗೆ ಸುಲಭಕ್ಕೆ ಬೀಳುವಂಥವಲ್ಲ. ಹೆಚ್ಚಿನವು ಜೀವಮಾನವಿಡೀ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಆದರೆ ಅಡಿನೋಮ ಎಂಬ ಬಗೆಯವುಗಳಲ್ಲಿ ಕೆಲವು ನಿಧಾನಕ್ಕೆ, ಬಹಳ ನಿಧಾನಕ್ಕೆ, ಬೆಳೆಯುತ್ತ ಹೋಗಿ ಕ್ಯಾನ್ಸರ್ ಆಗುತ್ತವೆ. ಇದಕ್ಕೆ ಹತ್ತು ವರ್ಷವೂ ಹಿಡಿಯಬಹುದು. ಅಷ್ಟು ಕಾಲ ನೋವಿಲ್ಲ, ಜ್ವರವಿಲ್ಲ, ಹಸಿವು ಕುಗ್ಗುವುದಿಲ್ಲ.

ಈ ತಿಳಿವಳಿಕೆ ಒಂದೇ ದಿನ ಬಂದದ್ದಲ್ಲ. ಲಂಡನ್ನಿನಲ್ಲಿ ಸೇಂಟ್ ಮಾರ್ಕ್ಸ್ ಎಂಬ ಆಸ್ಪತ್ರೆಯಿದೆ. ಫ್ರೆಡರಿಕ್ ಸಾಲ್ಮನ್ ಎಂಬ ಶಸ್ತ್ರವೈದ್ಯ 1835ರಲ್ಲಿ ಗುದನಾಳದ ಕಾಯಿಲೆಗಳಿಗೆಂದೇ ಅದನ್ನು ಶುರುಮಾಡಿದ. (ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1841ರಲ್ಲಿ ಇದೇ ಸಾಲ್ಮನ್ನನ ಕೈಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ. ಅರಿವಳಿಕೆ ಇಲ್ಲದ ಕಾಲ ಅದು.) ಅಲ್ಲಿನ ರೋಗಶಾಸ್ತ್ರಜ್ಞ ಕತ್ಬರ್ಟ್ ಡ್ಯೂಕ್ಸ್ 1920ರ ದಶಕದಿಂದ, ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ತೆಗೆದ ಕರುಳುಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುತ್ತ, ಕ್ಯಾನ್ಸರ್ ಆರೋಗ್ಯವಂತ ಗೋಡೆಯಿಂದ ಏಕಾಏಕಿ ಏಳುವುದಿಲ್ಲ, ಅದಕ್ಕೆ ಮುಂಚೆ ಅಡಿನೋಮ ಇರುತ್ತದೆ ಎಂಬ ಮಾತಿಗೆ ಬಂದರು. ಅದೇ ಆಸ್ಪತ್ರೆಯ ಬೇಸಿಲ್ ಮಾರ್ಸನ್ 1970ರ ದಶಕದಲ್ಲಿ ಆ ವಾದವನ್ನು ಗಟ್ಟಿಮಾಡಿದರು. 1988ರಲ್ಲಿ ಬರ್ಟ್ ವೋಗೆಲ್‌ಸ್ಟೈನ್ ತಂಡ ಅದೇ ಮೆಟ್ಟಿಲುಗಳನ್ನು ವಂಶವಾಹಿಗಳ ಮಟ್ಟದಲ್ಲಿ ತೋರಿಸಿತು. 1993ರಲ್ಲಿ ಸಿಡ್ನಿ ವಿನಾವರ್ ಮುಂದಾಳುತನದ ಅಮೆರಿಕದ ಅಧ್ಯಯನವೊಂದು ಪಾಲಿಪ್ ತೆಗೆಸಿಕೊಂಡ 1,418 ಜನರ ಲೆಕ್ಕ ಕೊಟ್ಟಿತು. ಹೋಲಿಕೆಗೆ ಇಟ್ಟುಕೊಂಡ ಗುಂಪುಗಳಲ್ಲಿ ಕಂಡ ಪ್ರಮಾಣಕ್ಕಿಂತ ಇವರಲ್ಲಿ ಕರುಳಿನ ಕ್ಯಾನ್ಸರ್ 76ರಿಂದ 90 ಪ್ರತಿಶತ ಕಡಿಮೆ.

ಕ್ಯಾನ್ಸರುಗಳ ಪೈಕಿ ಇಂಥದು ಅಪರೂಪ. ಬಂದ ಮೇಲೆ ಬೇಗ ಕಂಡುಹಿಡಿಯುವುದಲ್ಲ, ಬರುವ ಮೊದಲೇ ಅದರ ಬೀಜವನ್ನು ಕಿತ್ತುಹಾಕುವುದು. ಕಾಲ ಸಾಕಷ್ಟಿದೆ, ಮಾಡಬೇಕಾದ ಕೆಲಸವೂ ಗೊತ್ತು. ಕಷ್ಟವಿರುವುದು ನೋಡುವುದರಲ್ಲಿ ಮಾತ್ರ. ದೊಡ್ಡ ಕರುಳು ಒಂದೂವರೆ ಮೀಟರ್ ಉದ್ದ. ನೇರ ಕೊಳವೆಯಲ್ಲ, ತಿರುವು ತಿರುವಾಗಿ ಹೊಟ್ಟೆಯನ್ನು ಸುತ್ತುಹಾಕಿ ಬರುತ್ತದೆ. ಒಳಗೋಡೆ ನುಣುಪಾಗಿಲ್ಲ. ಪರದೆಯ ನೆರಿಗೆಗಳಂತೆ ಅಡ್ಡಡ್ಡ ಮಡಿಕೆಗಳಿವೆ. ಅದರ ಮೇಲೆ, ಅದು ಎಂದೂ ಖಾಲಿ ಇರುವುದಿಲ್ಲ.

ಹಳೆಯ ಲೋಹದ ನಳಿಕೆ ಸುಮಾರು 25 ಸೆಂಟಿಮೀಟರ್ ಒಳಗೆ ಹೋಗುತ್ತಿತ್ತು, ಅಷ್ಟೇ. ಅದರಾಚೆಗೆ ಎಕ್ಸ್-ರೇ ಬೇಕು. ಆದರೆ ಮೆದು ಮಾಂಸದ ಕರುಳು ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಅದಕ್ಕಾಗಿ ಬೇರಿಯಂ ಎಂಬ ಬಿಳಿ ದ್ರವವನ್ನು ಎನಿಮಾ ಕೊಡುವಂತೆ ತುಂಬಿ ಚಿತ್ರ ತೆಗೆಯುತ್ತಿದ್ದರು. 1923ರಲ್ಲಿ ಜರ್ಮನಿಯ ಎ.ಡಬ್ಲ್ಯು. ಫಿಷರ್ ಬೇರಿಯಂ ಜೊತೆಗೆ ಗಾಳಿಯನ್ನೂ ತುಂಬಿ ನೋಡಿದ. ದ್ರವ ಗೋಡೆಗೆ ಬಣ್ಣ ಬಳಿದಂತೆ ಅಂಟಿಕೊಳ್ಳುತ್ತದೆ, ಗಾಳಿ ಕರುಳನ್ನು ಉಬ್ಬಿಸುತ್ತದೆ, ಗುಬುಟುಗಳ ಅಂಚು ಕಾಣುತ್ತದೆ. ಸ್ವೀಡನ್ನಿನ ಮಾಲ್ಮೋ ನಗರದ ಸೋಲ್ವೆ ವೆಲಿನ್ ಈ ವಿಧಾನವನ್ನು ಒಂದು ಕಲೆಯ ಮಟ್ಟಕ್ಕೆ ಏರಿಸಿದ. ರೋಗಿಯನ್ನು ಎಡಕ್ಕೆ ಬಲಕ್ಕೆ ಹೊರಳಿಸಿ, ಬಿಳಿ ದ್ರವ ಹರಿಯುವುದನ್ನು ಕಾದು, ಸರಿಯಾದ ಗಳಿಗೆಯಲ್ಲಿ ಗುಂಡಿ ಒತ್ತಬೇಕು. ಬಲ್ಲವನ ಕೈಯಲ್ಲಿ ಚೆನ್ನಾಗಿ ಬರುತ್ತಿತ್ತು. ಉಳಿದವರ ಕೈಯಲ್ಲಿ ಬರೀ ನೆರಳುಗಳು.

ನೇರವಾಗಿ ನೋಡುವ ದಾರಿ ತೆರೆದದ್ದು ಗಾಜಿನ ಎಳೆಗಳಿಂದ, ಮತ್ತು ಅಲ್ಲಿ ಒಬ್ಬ ಭಾರತೀಯನಿದ್ದಾನೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಕೆಲಸ ಮಾಡುತ್ತ, ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಬಳುಕಿಸಿ ಕಳಿಸಬಹುದು ಎಂದು ತೋರಿಸಿದರು. 1954ರ ಜನವರಿಯ ‘ನೇಚರ್’ ಪತ್ರಿಕೆಯಲ್ಲಿ ಅವರ ಬರಹ ಬಂತು. ಅದನ್ನು ಓದಿದವರಲ್ಲಿ ಬೇಸಿಲ್ ಹಿರ್ಷೊವಿಟ್ಜ್ ಎಂಬ ದಕ್ಷಿಣ ಆಫ್ರಿಕಾ ಮೂಲದ ವೈದ್ಯನೂ ಒಬ್ಬ. ಮಿಷಿಗನ್ನಿನಲ್ಲಿ ಅವನೂ ಅವನ ಗೆಳೆಯರೂ ಗಾಜಿನ ಎಳೆಗೆ ಇನ್ನೊಂದು ಗಾಜಿನ ಹೊದಿಕೆ ಕೊಟ್ಟು ಬೆಳಕು ಸೋರದಂತೆ ಮಾಡಿದರು. 1957ರಲ್ಲಿ ಆ ಬಳುಕುವ ನಳಿಕೆಯನ್ನು ಹಿರ್ಷೊವಿಟ್ಜ್ ಮೊದಲು ತಾನೇ ನುಂಗಿ ನೋಡಿದ. (ಬೆಳಕಿನ ಎಳೆಗಳ ನೊಬೆಲ್ 2009ರಲ್ಲಿ ಚಾರ್ಲ್ಸ್ ಕಾವೊ ಅವರಿಗೆ ಹೋಯಿತು. ಕಪಾನಿಗೆ ಸಿಗದ್ದರ ಬಗ್ಗೆ ನಮ್ಮಲ್ಲಿ ಆಗಾಗ ಏಳುವ ಬೇಸರದಲ್ಲಿ, ಅವರ ಕೆಲಸ ಮೊದಲು ಕೂಡಿಬಂದದ್ದು ಟೆಲಿಫೋನಿಗಲ್ಲ, ಹೊಟ್ಟೆಗೆ ಎಂಬುದು ಮರೆತುಹೋಗುತ್ತದೆ.)

ಹೊಟ್ಟೆಗೆ ಬಂದದ್ದು ಕರುಳಿಗೂ ಬಂತು. ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ 1969ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನಳಿಕೆಯ ತುದಿಯಿಂದ ತಂತಿಯ ಕುಣಿಕೆಯೊಂದನ್ನು ಹೊರಚಾಚಿ, ಪಾಲಿಪಿನ ಕತ್ತಿಗೆ ಹಾಕಿ, ವಿದ್ಯುತ್ ಹರಿಸಿ ಕತ್ತರಿಸಿದರು. ಹೊಟ್ಟೆ ಸೀಳಬೇಕಿಲ್ಲ. ನೋಡಿದ ಕಣ್ಣೇ ಕೀಳುವ ಕೈಯೂ ಆಯಿತು. ಕೊಲೊನೋಸ್ಕೋಪಿಯ ನಿಜವಾದ ಬಲ ಇದೇ. ಮುಂದೆ ಬಂದ ಯಾವ ವಿಧಾನವೂ ಇದನ್ನು ಸರಿಗಟ್ಟಲಿಲ್ಲ.

ಆದರೆ ಅದಕ್ಕೆ ಬೆಲೆಯೂ ಇದೆ. ಹಿಂದಿನ ದಿನ ಕರುಳನ್ನು ಪೂರ್ತಿ ತೊಳೆಯುವ ಔಷಧಿ ಕುಡಿಯಬೇಕು, ಮಂಪರು ಬರುವ ಚುಚ್ಚುಮದ್ದು ಬೇಕು, ಒಂದು ದಿನದ ಕೆಲಸ ಹೋಗುತ್ತದೆ, ಅಪರೂಪಕ್ಕೆ ಕರುಳಿಗೆ ತೂತು ಬೀಳುವುದೂ ಉಂಟು. ಯಾವ ಕಾಯಿಲೆಯೂ ಇಲ್ಲದ, ಚೆನ್ನಾಗಿಯೇ ಓಡಾಡಿಕೊಂಡಿರುವ ಐವತ್ತರ ಮನುಷ್ಯನನ್ನು ಇದಕ್ಕೆ ಒಪ್ಪಿಸುವುದು ಹೇಗೆ?

ಈಗ ಸಿ.ಟಿ.ಗೆ ಬರೋಣ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ಆಯಿತು. ಯಂತ್ರ ಕಟ್ಟಿದ್ದು ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್. ಇಎಂಐ ಎಂದರೆ ಬೀಟಲ್ಸ್ ತಂಡದ ಗ್ರಾಮಫೋನ್ ತಟ್ಟೆಗಳನ್ನು ಮಾರುತ್ತಿದ್ದ ಕಂಪನಿ. ಆ ಹಾಡುಗಳ ಲಾಭದಿಂದಲೇ ಸಿ.ಟಿ. ಹುಟ್ಟಿತು ಎಂಬ ಚಂದದ ಕತೆ ಎಲ್ಲೆಡೆ ಓಡಾಡುತ್ತದೆ. ಲೆಕ್ಕಪತ್ರ ತೆಗೆದು ನೋಡಿದವರು, ಬ್ರಿಟನ್ನಿನ ಆರೋಗ್ಯ ಇಲಾಖೆ ಹಾಕಿದ ಹಣವೇ ಹೆಚ್ಚು ಎನ್ನುತ್ತಾರೆ. ತೆರಿಗೆ ಹಣದ ಬಗ್ಗೆ ಯಾರೂ ಕತೆ ಕಟ್ಟುವುದಿಲ್ಲ. ಇದಕ್ಕೆ ಬೇಕಾದ ಗಣಿತವನ್ನು ಅಲನ್ ಕಾರ್ಮ್ಯಾಕ್ 1963 ಮತ್ತು 1964ರಲ್ಲೇ ಪ್ರಕಟಿಸಿದ್ದರು. ಆಗ ಓದಿದವರು ಬೆರಳೆಣಿಕೆಯಷ್ಟು. 1979ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ತಲೆ ಅಲುಗಾಡದೆ ಇರುತ್ತದೆ. ಹೊಟ್ಟೆ ಹಾಗಲ್ಲ. ಉಸಿರಾಡಿದಂತೆಲ್ಲ ಏರಿಳಿಯುತ್ತದೆ, ಕರುಳು ತನ್ನಷ್ಟಕ್ಕೇ ಹೊರಳುತ್ತದೆ. ಹಳೆಯ ಯಂತ್ರ ಒಂದು ಹೋಳಿನ ಚಿತ್ರ ತೆಗೆದು, ನಿಂತು, ಮಂಚವನ್ನು ಸರಿಸಿ, ಮುಂದಿನ ಹೋಳಿಗೆ ಹೋಗುತ್ತಿತ್ತು. ಅಷ್ಟರಲ್ಲಿ ಕರುಳು ಜಾಗ ಬದಲಿಸಿರುತ್ತಿತ್ತು. ಹಾಗಾಗಿ 1983ರಲ್ಲಿ ಕಾಯ್ನ್ ಎಂಬ ವೈದ್ಯ ಮತ್ತು ಸಂಗಡಿಗರು, ಸಿ.ಟಿ.ಯಿಂದ ಕರುಳಿನ ಪಾಲಿಪುಗಳನ್ನು ಹುಡುಕಬಹುದಲ್ಲ ಎಂದು ಬರೆದಾಗ ಅದು ಒಂದು ಸೂಚನೆಯಾಗಿಯೇ ಉಳಿಯಿತು. 1989ರ ಹೊತ್ತಿಗೆ ಜರ್ಮನಿಯ ವಿಲ್ಲಿ ಕಾಲೆಂಡರ್ ಮೊದಲಾದವರು ಸುರುಳಿ ಸಿ.ಟಿ.ಯನ್ನು ತಂದರು. ಇದರಲ್ಲಿ ಯಂತ್ರ ನಿಲ್ಲದೆ ತಿರುಗುತ್ತದೆ, ಮಂಚ ನಿಲ್ಲದೆ ಸರಿಯುತ್ತದೆ, ಎಕ್ಸ್-ರೇ ದೇಹದ ಸುತ್ತ ಸುರುಳಿ ಸುತ್ತುತ್ತದೆ. ಉಸಿರು ಹಿಡಿದಿಟ್ಟುಕೊಂಡಷ್ಟು ಹೊತ್ತಿನಲ್ಲಿ ಇಡೀ ಹೊಟ್ಟೆಯ ಲೆಕ್ಕ ಕಂಪ್ಯೂಟರಿನಲ್ಲಿ ಬಿದ್ದಿರುತ್ತದೆ.

ಈ ಲೆಕ್ಕವನ್ನು ಹೋಳುಹೋಳಾಗಿ ನೋಡುವ ಬದಲು ಒಟ್ಟಿಗೆ ಜೋಡಿಸಿ ಒಂದು ಸುರಂಗ ಕಟ್ಟಿದರೆ? ಆ ಸುರಂಗದೊಳಗೆ ವಿಮಾನ ಹಾರಿಸಿದಂತೆ ಹೋದರೆ? ಉತ್ತರ ಕ್ಯಾರೊಲಿನಾದ ವಿನ್‌ಸ್ಟನ್-ಸೇಲಂ ಊರಿನ ಬೋಮನ್ ಗ್ರೇ ವೈದ್ಯಕೀಯ ಶಾಲೆಯ ಡೇವಿಡ್ ವೈನಿಂಗ್ ಮತ್ತು ಡೇವಿಡ್ ಗೆಲ್ಫಂಡ್ ಹಾಗೆಯೇ ಮಾಡಿದರು. 1994ರಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಜಠರ-ಕರುಳಿನ ರೇಡಿಯಾಲಜಿಸ್ಟರ ಸಮ್ಮೇಳನ. ವೈನಿಂಗ್ ಒಂದು ವಿಡಿಯೋ ಹಾಕಿದರು. ಗುಲಾಬಿ ಗೋಡೆಗಳ ನಡುವೆ, ಮಡಿಕೆಗಳ ಮೇಲೆ ಹಾರುತ್ತ, ತಿರುವುಗಳಲ್ಲಿ ಬಾಗುತ್ತ ಮನುಷ್ಯನ ಕರುಳಿನ ಉದ್ದಕ್ಕೂ ಪಯಣ. ಹಿನ್ನೆಲೆಯಲ್ಲಿ ವ್ಯಾಗ್ನರನ ವ್ಯಾಲ್ಕಿರಿಗಳ ಸವಾರಿಯ ಅಬ್ಬರದ ಸಂಗೀತ. ವೈದ್ಯಕೀಯ ಸಮ್ಮೇಳನಗಳ ಇತಿಹಾಸದಲ್ಲಿ ಇಷ್ಟು ನಾಟಕೀಯ ಪ್ರವೇಶ ಕಡಿಮೆ. ಗುಲಾಬಿ ಬಣ್ಣ ನಿಜವಲ್ಲ ಎಂಬುದನ್ನು ನೆನಪಿಡಬೇಕು. ಸಿ.ಟಿ.ಗೆ ಬಣ್ಣ ಗೊತ್ತಿಲ್ಲ, ಸಾಂದ್ರತೆ ಮಾತ್ರ ಗೊತ್ತು. ಬಣ್ಣ ಬಳಿದದ್ದು ಕಂಪ್ಯೂಟರ್.

ಹೆಸರು ವರ್ಚುವಲ್ ಕೊಲೊನೋಸ್ಕೋಪಿ ಎಂದಾಯಿತು. ವಿಧಾನ ಸರಳ. ಕರುಳನ್ನು ಔಷಧಿಯಿಂದ ತೊಳೆದುಕೊಂಡು ಬಂದವರ ಗುದದ್ವಾರದಲ್ಲಿ ಒಂದು ಸಣ್ಣ ಮೆದು ಕೊಳವೆ ಇಟ್ಟು ಗಾಳಿ ಅಥವಾ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಅಂಗಾತ ಮಲಗಿಸಿ ಒಮ್ಮೆ, ಬೋರಲು ಮಲಗಿಸಿ ಇನ್ನೊಮ್ಮೆ ಸ್ಕ್ಯಾನ್. ಮಂಪರಿನ ಮದ್ದು ಬೇಡ. ಎದ್ದು ಬಟ್ಟೆ ಹಾಕಿಕೊಂಡು ಕೆಲಸಕ್ಕೆ ಹೋಗಬಹುದು. ಎರಡು ಸಲ ಯಾಕೆ? ತೊಳೆದ ಕರುಳಿನಲ್ಲೂ ಅಲ್ಲಲ್ಲಿ ಮಲದ ಉಂಡೆ ಉಳಿದಿರುತ್ತದೆ, ತೆರೆಯ ಮೇಲೆ ಅದೂ ಪಾಲಿಪಿನಂತೆಯೇ ಕಾಣುತ್ತದೆ. ಮನುಷ್ಯನನ್ನು ಮಗುಚಿದರೆ ಮಲ ಉರುಳಿ ಕೆಳಗೆ ಬೀಳುತ್ತದೆ, ಪಾಲಿಪ್ ಇದ್ದಲ್ಲೇ ಇರುತ್ತದೆ. ಇಷ್ಟು ದೊಡ್ಡ ಯಂತ್ರದ ಕೆಲಸ ಕೊನೆಗೆ ನಿಂತಿರುವುದು ಇಂಥ ಮನೆಬುದ್ಧಿಯ ಮೇಲೆ! ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಏರಿ ಕೌಫ್‌ಮನ್, ಝೆಂಗ್‌ರಾಂಗ್ ಲಿಯಾಂಗ್ ಮೊದಲಾದವರು ಇದಕ್ಕೆ ಇನ್ನೊಂದನ್ನು ಸೇರಿಸಿದರು. ಹಿಂದಿನ ದಿನ ಊಟದ ಜೊತೆ ಬೇರಿಯಂ, ಅಯೋಡಿನ್ ಕೊಟ್ಟರೆ ಉಳಿದ ಮಲ, ನೀರು ಎಲ್ಲ ಬಿಳಿಯಾಗಿ ಗುರುತಾಗುತ್ತದೆ. ಆ ಬಿಳಿಯನ್ನೆಲ್ಲ ಕಂಪ್ಯೂಟರ್ ಅಳಿಸಿಹಾಕುತ್ತದೆ. ಒಂದರ್ಥದಲ್ಲಿ ಕರುಳನ್ನು ಎರಡನೇ ಸಲ ತೊಳೆಯುವುದು, ಈ ಸಲ ಲೆಕ್ಕದಿಂದ.

ಚೆನ್ನಾಗಿ ಕಾಣುತ್ತದೆ, ಸರಿ. ಕಂಡದ್ದು ನಿಜವೇ? ಕಾಣದೆ ಉಳಿದದ್ದೆಷ್ಟು?

ಇದಕ್ಕೆ ಮೊದಲ ದೊಡ್ಡ ಉತ್ತರ ಬಂದದ್ದು 2003ರ ಡಿಸೆಂಬರಿನಲ್ಲಿ, ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ. ಪೆರ್ರಿ ಪಿಕ್‌ಹಾರ್ಟ್ ಎಂಬ ರೇಡಿಯಾಲಜಿಸ್ಟ್ ಮತ್ತು ಸಂಗಡಿಗರು ಅಮೆರಿಕದ ಮೂರು ಸೇನಾ ಆಸ್ಪತ್ರೆಗಳಲ್ಲಿ, ಯಾವ ಲಕ್ಷಣವೂ ಇಲ್ಲದ 1,233 ಜನರಿಗೆ ಒಂದೇ ದಿನ ಎರಡೂ ಪರೀಕ್ಷೆ ಮಾಡಿದ್ದರು. ಮೂರರಲ್ಲಿ ಒಂದು ಬೆಥೆಸ್ಡಾ, ರೇಗನ್ ಕರುಳಿನ ಅದೇ ಆಸ್ಪತ್ರೆ. ಹತ್ತು ಮಿಲಿಮೀಟರ್ ಮತ್ತು ಅದಕ್ಕಿಂತ ದೊಡ್ಡ ಅಡಿನೋಮಗಳಲ್ಲಿ ಸಿ.ಟಿ. 93.8 ಪ್ರತಿಶತ ಹಿಡಿದಿತ್ತು. ಕೊಲೊನೋಸ್ಕೋಪಿ 87.5.

ಈ ಎರಡನೇ ಅಂಕಿಯೇ ಬಾಂಬು. ಅದು ಹೇಗೆ ಸಿಕ್ಕಿತು ಎಂಬುದನ್ನು ಬಿಡಿಸಿ ಹೇಳಬೇಕು. ಅಲ್ಲಿಯವರೆಗೆ ಹೊಸ ಪರೀಕ್ಷೆಗಳನ್ನೆಲ್ಲ ಕೊಲೊನೋಸ್ಕೋಪಿಯ ಎದುರು ಇಟ್ಟು ಅಳೆಯುತ್ತಿದ್ದರು. ಕೊಲೊನೋಸ್ಕೋಪ್ ಕಂಡದ್ದು ಇದೆ, ಕಾಣದ್ದು ಇಲ್ಲ. ಹೊಸ ಪರೀಕ್ಷೆ ಏನನ್ನಾದರೂ ತೋರಿಸಿ, ಕೊಲೊನೋಸ್ಕೋಪ್ ಅದನ್ನು ಕಾಣದಿದ್ದರೆ, ಹೊಸದರದ್ದೇ ಸುಳ್ಳು ಎಂದು ಬರೆದುಕೊಳ್ಳುತ್ತಿದ್ದರು. ಕಕ್ಷಿದಾರನೇ ನ್ಯಾಯಾಧೀಶನೂ ಆಗಿ ಕುಳಿತ ಕೋರ್ಟು. ಪಿಕ್‌ಹಾರ್ಟ್ ತಂಡ ಒಂದು ಸಣ್ಣ ಬದಲಾವಣೆ ಮಾಡಿತು. ನಳಿಕೆ ಹಿಡಿದ ವೈದ್ಯ ಕರುಳಿನ ಒಂದು ತುಂಡನ್ನು ನೋಡಿ ಮುಗಿಸಿ, ಇಲ್ಲಿ ಏನಿದೆ ಏನಿಲ್ಲ ಎಂದು ಹೇಳುತ್ತಾನೆ. ಆಮೇಲೆ ಪಕ್ಕದಲ್ಲಿದ್ದವರು ಅದೇ ತುಂಡಿನ ಸಿ.ಟಿ. ವರದಿಯ ಲಕೋಟೆ ಒಡೆದಂತೆ, ಇಲ್ಲಿ ಇಂಥದೊಂದು ಇದೆಯಂತೆ ಎನ್ನುತ್ತಾರೆ. ಅವನು ಮತ್ತೆ ಹಿಂದಕ್ಕೆ ಹೋಗಿ ಹುಡುಕುತ್ತಾನೆ. ಹಾಗೆ ಹುಡುಕಿದಾಗ ಸಿಕ್ಕವು, ಹೆಚ್ಚಾಗಿ ಮಡಿಕೆಗಳ ಹಿಂದೆ. ನಳಿಕೆ ಮುಂದಕ್ಕೆ ನೋಡುತ್ತದೆ, ಮಡಿಕೆಯ ಬೆನ್ನು ಅದಕ್ಕೆ ಕಾಣುವುದಿಲ್ಲ. ತೆರೆಯ ಮೇಲಿನ ಸುರಂಗದಲ್ಲಾದರೆ ಹೋದ ದಾರಿಯಲ್ಲೇ ಹಿಂದಕ್ಕೂ ಹಾರಿಬರಬಹುದು. ಇಡೀ ಅಧ್ಯಯನದಲ್ಲಿ ಎರಡು ಪಾಲಿಪುಗಳು ಆಗಲೇ ಕ್ಯಾನ್ಸರ್ ಆಗಿದ್ದವು. ಸಿ.ಟಿ. ಎರಡನ್ನೂ ಹಿಡಿದಿತ್ತು. ಅವುಗಳಲ್ಲಿ ಒಂದು, ಸಿ.ಟಿ. ವರದಿ ಕೇಳುವ ಮೊದಲು, ನಳಿಕೆಯ ಕಣ್ಣಿಗೆ ಬಿದ್ದಿರಲಿಲ್ಲ.

ಕೊಲೊನೋಸ್ಕೋಪಿ ತಪ್ಪುತ್ತದೆ ಎಂಬುದು ಅದನ್ನು ಮಾಡುವವರಿಗೂ ಗೊತ್ತಿತ್ತು. 1997ರಲ್ಲೇ ಇಂಡಿಯಾನಾದ ಡಗ್ಲಸ್ ರೆಕ್ಸ್ ಒಂದೇ ದಿನ ಎರಡು ಸಲ ಕೊಲೊನೋಸ್ಕೋಪಿ ಮಾಡಿಸಿ, ಮೊದಲ ಸಲ ನಾಲ್ಕರಲ್ಲಿ ಒಂದರಷ್ಟು ಅಡಿನೋಮಗಳು ತಪ್ಪಿಹೋಗುತ್ತವೆ ಎಂದು ತೋರಿಸಿದ್ದರು. ಆದರೆ ತಪ್ಪಿದವು ಬಹುಪಾಲು ಸಣ್ಣವು. ಮೇಲಾಗಿ ಅದು ಮನೆಯೊಳಗಿನ ಮಾತು. ಪಕ್ಕದ ಮನೆಯವರು ಹೇಳಿದಾಗ ಕೇಳಿಸಿಕೊಳ್ಳುವ ರೀತಿಯೇ ಬೇರೆ.

ಐದು ತಿಂಗಳೂ ಕಳೆದಿರಲಿಲ್ಲ, ಎದುರೇಟು ಬಂತು. 2004ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಪೀಟರ್ ಕಾಟನ್ ಎಂಬ ಹೆಸರಾಂತ ಎಂಡೋಸ್ಕೋಪಿ ತಜ್ಞರ ತಂಡದ ಅಧ್ಯಯನ. ಒಂಬತ್ತು ಆಸ್ಪತ್ರೆ, 615 ಜನ. ಹತ್ತು ಮಿಲಿಮೀಟರಿಗೆ ಮೇಲ್ಪಟ್ಟ ಗಂಟು ಇದ್ದವರಲ್ಲಿ ಸಿ.ಟಿ. ಗುರುತಿಸಿದ್ದು 55 ಪ್ರತಿಶತ. ಆರು ಮಿಲಿಮೀಟರಿಗೆ ಇಳಿಸಿದರೆ 39. ಮರುವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಡಾನ್ ರಾಕಿ ಎಂಬವರ ಅಧ್ಯಯನ, 614 ಜನ. ದೊಡ್ಡ ಗಂಟುಗಳಲ್ಲಿ ಬೇರಿಯಂ ಎನಿಮಾ 48, ಸಿ.ಟಿ. 59, ಕೊಲೊನೋಸ್ಕೋಪಿ 98.

ಒಂದು ಕಡೆ 94, ಇನ್ನೊಂದು ಕಡೆ 55. ಕರುಳು ಅದೇ, ಯಂತ್ರವೂ ಹೆಚ್ಚುಕಡಿಮೆ ಅದೇ. ಹಾಗಾದರೆ ನಾಣ್ಯ ಚಿಮ್ಮಿದ ಹಾಗಾಯಿತಲ್ಲ ಎಂದವರಿದ್ದರು. ರೇಡಿಯಾಲಜಿಸ್ಟರು ಒಂದನ್ನು ಎತ್ತಿ ತೋರಿಸಿದರು, ಕರುಳಿನ ವೈದ್ಯರು ಇನ್ನೊಂದನ್ನು. ಈ ಜಗಳದಲ್ಲಿ ವಿಜ್ಞಾನ ಎಷ್ಟು, ಅನ್ನದ ಪ್ರಶ್ನೆ ಎಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. 2000ನೇ ಇಸವಿಯ ಮಾರ್ಚಿನಲ್ಲಿ ಟಿ.ವಿ. ನಿರೂಪಕಿ ಕೇಟಿ ಕೂರಿಕ್, ಕರುಳಿನ ಕ್ಯಾನ್ಸರಿಗೆ ಗಂಡನನ್ನು ಕಳೆದುಕೊಂಡಿದ್ದ ಆಕೆ, ತನ್ನ ಕೊಲೊನೋಸ್ಕೋಪಿಯನ್ನು ಇಡೀ ದೇಶಕ್ಕೆ ತೋರಿಸಿದ್ದಳು. ಪರೀಕ್ಷೆ ಮಾಡಿಸಿಕೊಳ್ಳುವವರ ಸಂಖ್ಯೆ ಏರಿತು. 2001ರಲ್ಲಿ ಹಿರಿಯ ನಾಗರಿಕರ ಸರ್ಕಾರಿ ವಿಮೆಯಾದ ಮೆಡಿಕೇರ್, ವಿಶೇಷ ಅಪಾಯವಿಲ್ಲದವರ ಕೊಲೊನೋಸ್ಕೋಪಿಗೂ ಹಣ ಕೊಡತೊಡಗಿತ್ತು. ಕರುಳಿನ ವೈದ್ಯರ ಚಿಕಿತ್ಸಾಲಯಗಳು ಅದರ ಮೇಲೆ ಬೆಳೆದು ನಿಂತಿದ್ದವು. ಅಂಥ ಹೊತ್ತಿನಲ್ಲಿ ಪಕ್ಕದ ವಿಭಾಗದವರು ಬಂದು, ನಾವೇ ನೋಡಿ ಬೇಕಾದವರನ್ನಷ್ಟೇ ನಿಮ್ಮ ಹತ್ತಿರ ಕಳಿಸುತ್ತೇವೆ ಎಂದರೆ?

ಆದರೂ ಅಂಕಿಗಳ ಅಂತರಕ್ಕೆ ಕಾರಣವಿತ್ತು, ಅದು ಹಣವಲ್ಲ. ಪಿಕ್‌ಹಾರ್ಟ್ ತಂಡ ಮೊದಲಿನಿಂದಲೂ ಸುರಂಗದೊಳಗೆ ಹಾರಿಯೇ ಹುಡುಕುತ್ತಿತ್ತು, ಉಳಿದ ಮಲಕ್ಕೆ ಬಿಳಿ ಗುರುತು ಹಾಕಿತ್ತು. ಕಾಟನ್ ಅಧ್ಯಯನದಲ್ಲಿ ಆ ಗುರುತು ಇರಲಿಲ್ಲ, ಚಿತ್ರ ಓದಿದವರಲ್ಲಿ ಹಲವರಿಗೆ ಈ ಕೆಲಸದ ಪಳಗುವಿಕೆ ಬಹಳ ಕಡಿಮೆ ಇತ್ತು, ಆಸ್ಪತ್ರೆಯಿಂದ ಆಸ್ಪತ್ರೆಗೆ ಫಲಿತಾಂಶ ತೀರ ಬೇರೆ ಬೇರೆ ಬಂದಿತ್ತು. ಎಂದರೆ ಅಳೆದದ್ದು ಯಂತ್ರವನ್ನಲ್ಲ, ಯಂತ್ರದ ಮುಂದೆ ಕುಳಿತ ಕಣ್ಣುಗಳನ್ನು. ವೆಲಿನ್ ಕಾಲದ ಬೇರಿಯಂ ಕತೆಯೇ ಹೊಸ ವೇಷದಲ್ಲಿ ಬಂದಿತ್ತು. ನನಗನಿಸುವಂತೆ ಕಾಟನ್ ಅಧ್ಯಯನವನ್ನು ಸೋಲಿನ ವರದಿ ಎಂದು ತಳ್ಳಿಹಾಕಿದ ರೇಡಿಯಾಲಜಿಸ್ಟರು ಒಂದು ಮುಖ್ಯ ಮಾತನ್ನು ಬಿಟ್ಟರು. ಸಾಮಾನ್ಯ ರೋಗಿ ಹೋಗುವುದು ಸಾಮಾನ್ಯ ಆಸ್ಪತ್ರೆಗೆ, ಪಿಕ್‌ಹಾರ್ಟ್ ಹತ್ತಿರಕ್ಕಲ್ಲ.

ಮುಂದಿನ ಅಧ್ಯಯನ ಅದನ್ನು ಅರಿತೇ ನಡೆಯಿತು. ಮೇಯೋ ಕ್ಲಿನಿಕ್ಕಿನ ಡೇನಿಯಲ್ ಜಾನ್ಸನ್ ಮುಂದಾಳುತನದಲ್ಲಿ 15 ಕೇಂದ್ರಗಳು, ಎರಡೂವರೆ ಸಾವಿರ ಜನ. ಚಿತ್ರ ಓದುವವರು ಮೊದಲು ತರಬೇತಿ ಪಡೆದಿರಬೇಕು ಇಲ್ಲವೆ ನೂರಾರು ಚಿತ್ರ ಓದಿದ ಅನುಭವ ಇರಬೇಕು, ಆಮೇಲೆ ಪರೀಕ್ಷೆ ಬರೆದು ಪಾಸಾಗಬೇಕು. 2008ರಲ್ಲಿ ಫಲಿತಾಂಶ ಬಂತು. ಹತ್ತು ಮಿಲಿಮೀಟರಿನವುಗಳಲ್ಲಿ 90 ಪ್ರತಿಶತ. ಅದಕ್ಕೆ ಹಿಂದಿನ ವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಇನ್ನೊಂದು ಹೋಲಿಕೆ ಬಂದಿತ್ತು. ಮೂರು ಸಾವಿರಕ್ಕೆ ಮೇಲ್ಪಟ್ಟ ಜನರಿಗೆ ಸಿ.ಟಿ., ಅಷ್ಟೇ ಜನರಿಗೆ ಕೊಲೊನೋಸ್ಕೋಪಿ. ಅಪಾಯದ ಮಟ್ಟಕ್ಕೆ ಬೆಳೆದ ಗಂಟುಗಳು ಸಿಕ್ಕಿದ್ದು ಇಲ್ಲಿ 123, ಅಲ್ಲಿ 121. ಆದರೆ ಕಿತ್ತು ತೆಗೆದ ಪಾಲಿಪುಗಳು ಇಲ್ಲಿ 561, ಅಲ್ಲಿ 2,434. ಕರುಳಿಗೆ ತೂತು ಬಿದ್ದದ್ದು ಕೊಲೊನೋಸ್ಕೋಪಿಯಲ್ಲಿ ಏಳು ಜನರಿಗೆ, ಸಿ.ಟಿ.ಯಲ್ಲಿ ಯಾರಿಗೂ ಇಲ್ಲ.

ಈ ಅಂಕಿಗಳನ್ನು ಎರಡು ರೀತಿ ಓದಬಹುದು, ಓದಿದರೂ ಸಹ. ಸುಮ್ಮನೆ ಇದ್ದುಬಿಡುತ್ತಿದ್ದ ಸುಮಾರು ಎರಡು ಸಾವಿರ ಪಾಲಿಪುಗಳನ್ನು ಕೆದಕಿ ತೆಗೆದದ್ದು ವ್ಯರ್ಥ ಎಂದು ಒಬ್ಬರು. ಅವುಗಳಲ್ಲಿ ಯಾವುದು ಹತ್ತು ವರ್ಷಕ್ಕೆ ಎದ್ದು ಕೂರುತ್ತದೋ ಯಾರಿಗೆ ಗೊತ್ತು ಎಂದು ಇನ್ನೊಬ್ಬರು. ಸಿ.ಟಿ. ಓದುವವರು ಆರು ಮಿಲಿಮೀಟರಿಗಿಂತ ಚಿಕ್ಕವನ್ನು ವರದಿಯಲ್ಲಿ ಬರೆಯುವುದೇ ಇಲ್ಲ. ಅಪಾಯ ಅಷ್ಟು ಕಡಿಮೆ ಎಂಬುದು ಅವರ ನಿಲುವು. ಇದ್ದದ್ದು ಇದೆ ಎಂದು ಹೇಳದಿರುವುದು ಎಷ್ಟು ಸರಿ ಎಂಬ ಪ್ರಶ್ನೆಗೆ ಮಿಲಿಮೀಟರಿನಲ್ಲಿ ಉತ್ತರವಿಲ್ಲ. ಇದಕ್ಕೆ ಉಲ್ಟಾ ತೊಂದರೆಯೂ ಇದೆ. ಸಿ.ಟಿ. ಕರುಳನ್ನಷ್ಟೇ ಅಲ್ಲ, ಇಡೀ ಹೊಟ್ಟೆಯನ್ನು ನೋಡುತ್ತದೆ. ಮೂತ್ರಪಿಂಡದ ಗಡ್ಡೆ, ಉಬ್ಬಿದ ಮಹಾಧಮನಿ ಕಂಡು ಜೀವ ಉಳಿದವರಿದ್ದಾರೆ. ಏನೂ ಅಲ್ಲದ ಕಲೆಯ ಹಿಂದೆ ಬಿದ್ದು ತಿಂಗಳುಗಟ್ಟಲೆ ಆಸ್ಪತ್ರೆ ಅಲೆದವರೂ ಇದ್ದಾರೆ. ಜಾನ್ಸನ್ ಅಧ್ಯಯನದಲ್ಲಿ ಕರುಳಿನ ಹೊರಗೆ ಕಂಡದ್ದಕ್ಕಾಗಿ ಮುಂದಿನ ತಪಾಸಣೆ ಬೇಕೆನಿಸಿದವರು 16 ಪ್ರತಿಶತ.

2008ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಮೊದಲಾದ ಸಂಸ್ಥೆಗಳು ಸಿ.ಟಿ. ಕೊಲೊನೋಗ್ರಫಿಯನ್ನು ಒಪ್ಪಿತ ವಿಧಾನಗಳ ಪಟ್ಟಿಗೆ ಸೇರಿಸಿದವು. ಸರ್ಕಾರಕ್ಕೆ ಸಲಹೆ ಕೊಡುವ ತಜ್ಞರ ಸಮಿತಿ ಮಾತ್ರ ಪುರಾವೆ ಸಾಲದು ಎಂದಿತು. 2009ರ ಮೇ ತಿಂಗಳಲ್ಲಿ ಮೆಡಿಕೇರ್ ತನ್ನ ತೀರ್ಮಾನ ಪ್ರಕಟಿಸಿತು: ಹಣ ಕೊಡುವುದಿಲ್ಲ. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ಅಧ್ಯಯನಗಳಲ್ಲಿ ಇದ್ದವರ ಸರಾಸರಿ ವಯಸ್ಸು 60ರ ಒಳಗೆ, ಮೆಡಿಕೇರ್ ಇರುವುದು 65 ದಾಟಿದವರಿಗೆ.

ಒಂಬತ್ತು ತಿಂಗಳಾದ ಮೇಲೆ, 2010ರ ಫೆಬ್ರವರಿ 28ರಂದು, ಅಧ್ಯಕ್ಷ ಬರಾಕ್ ಒಬಾಮ ತಮ್ಮ ಮೊದಲ ವೈದ್ಯಕೀಯ ತಪಾಸಣೆಗೆ ಬೆಥೆಸ್ಡಾಕ್ಕೆ ಬಂದರು. ವಯಸ್ಸು 48. ಕರುಳಿನ ಪರೀಕ್ಷೆಯೂ ಆಯಿತು, ಸಿ.ಟಿ.ಯಿಂದ. ಪಾಲಿಪ್ ಇರಲಿಲ್ಲ. ಅವರದೇ ಸರ್ಕಾರದ ವಿಮೆ ತನ್ನ ಕೋಟಿಗಟ್ಟಲೆ ವೃದ್ಧರಿಗೆ ಕೊಡಲೊಪ್ಪದ ಪರೀಕ್ಷೆ ಅವರಿಗೆ ಹೇಗೆ ಸೂಕ್ತವಾಯಿತು ಎಂದು ರೇಡಿಯಾಲಜಿಸ್ಟರು ಕೇಳದೆ ಬಿಡಲಿಲ್ಲ. ಅಧ್ಯಕ್ಷರ ವಿಷಯದಲ್ಲಿ ಈ ಪರೀಕ್ಷೆಗೆ ಬೇರೆ ಅನುಕೂಲವೂ ಇತ್ತು. ಮಂಪರಿನ ಮದ್ದು ತೆಗೆದುಕೊಂಡ ಅಧ್ಯಕ್ಷ ಅಷ್ಟು ಹೊತ್ತು ಅಧಿಕಾರವನ್ನು ಉಪಾಧ್ಯಕ್ಷರಿಗೆ ಬರೆದುಕೊಡಬೇಕು. ರೇಗನ್ ಶಸ್ತ್ರಚಿಕಿತ್ಸೆಯ ದಿನ ಹಿರಿಯ ಬುಷ್ ಸುಮಾರು ಎಂಟು ತಾಸು ಅಧಿಕಾರದಲ್ಲಿದ್ದರು. ಕಿರಿಯ ಬುಷ್ 2002ರಲ್ಲೂ 2007ರಲ್ಲೂ ಕೊಲೊನೋಸ್ಕೋಪಿಗಾಗಿ ಡಿಕ್ ಚೇನಿಗೆ ಎರಡೆರಡು ತಾಸು ಅಧಿಕಾರ ಕೊಟ್ಟಿದ್ದರು. ಒಬಾಮ ಯಾರಿಗೂ ಏನನ್ನೂ ಬರೆದುಕೊಡಬೇಕಾಗಲಿಲ್ಲ.

2021ರ ನವೆಂಬರ್ 19ರಂದು ಜೋ ಬೈಡನ್ ಸರದಿ. ಅದೇ ಬೆಥೆಸ್ಡಾ, ಅಷ್ಟರಲ್ಲಿ ಆಸ್ಪತ್ರೆಯ ಹೆಸರು ವಾಲ್ಟರ್ ರೀಡ್ ಎಂದಾಗಿತ್ತು. ಅವರು ಆರಿಸಿಕೊಂಡದ್ದು ಹಳೆಯ ದಾರಿ, ನಳಿಕೆ ಮತ್ತು ಮಂಪರು. ಕಮಲಾ ಹ್ಯಾರಿಸ್ 85 ನಿಮಿಷ ಅಮೆರಿಕದ ಅಧ್ಯಕ್ಷೀಯ ಅಧಿಕಾರ ನಡೆಸಿದ ಮೊದಲ ಮಹಿಳೆಯಾದರು. ಬೈಡನ್ ಕರುಳಿನಲ್ಲಿ ಮೂರು ಮಿಲಿಮೀಟರಿನ ಒಂದು ಪಾಲಿಪ್ ಸಿಕ್ಕಿತು, ತೆಗೆದರು. ಅದು ಅಡಿನೋಮ ಎಂದು ವರದಿ ಬಂತು. ಸಿ.ಟಿ. ಮಾಡಿಸಿದ್ದರೆ ಅದು ವರದಿಯಲ್ಲೇ ಇರುತ್ತಿರಲಿಲ್ಲ. ಅದರಿಂದ ಏನಾದರೂ ವ್ಯತ್ಯಾಸ ಆಗುತ್ತಿತ್ತೇ ಎಂಬುದಕ್ಕೆ ವೈದ್ಯರಲ್ಲಿ ಈಗಲೂ ಎರಡು ಗುಂಪು.

ನಮ್ಮಲ್ಲಿ ಈ ಜಗಳಕ್ಕೆ ಜಾಗವೇ ಇನ್ನೂ ಆಗಿಲ್ಲ. ಭಾರತದ ಸರ್ಕಾರಿ ತಪಾಸಣಾ ಕಾರ್ಯಕ್ರಮ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರುಗಳದ್ದು. ಕರುಳಿನದು ಪಶ್ಚಿಮದಷ್ಟು ಸಾಮಾನ್ಯವಲ್ಲದ ಕಾರಣ ಅದು ಪಟ್ಟಿಯಲ್ಲಿಲ್ಲ, ಮತ್ತು ಆ ಲೆಕ್ಕ ತಪ್ಪೆನ್ನುವಂತಿಲ್ಲ. ಆದರೆ ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಇರಬೇಕು ಎಂದು ತಾವೇ ತೀರ್ಮಾನಿಸಿ, ಮನೆಮದ್ದು ಮಾಡುತ್ತ, ಯಾರಿಗೂ ಹೇಳದೆ ವರ್ಷ ಕಳೆಯುವ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಅವರ ಮುಂದೆ ಇರುವ ಪ್ರಶ್ನೆ ಯಾವ ಪರೀಕ್ಷೆ ಎಂಬುದಲ್ಲ, ಬಾಯಿಬಿಟ್ಟು ಹೇಳುವುದು ಹೇಗೆ ಎಂಬುದು.

ಅಮೆರಿಕದ ಸಲಹಾ ಸಮಿತಿ 2016ರಲ್ಲಿ ತನ್ನ ಮಾತು ಬದಲಿಸಿ ಸಿ.ಟಿ.ಯನ್ನು ಪಟ್ಟಿಗೆ ಸೇರಿಸಿತು. ಮೆಡಿಕೇರ್ ಇನ್ನೂ ಎಂಟು ವರ್ಷ ಕಾದು, 2025ರ ಜನವರಿ 1ರಿಂದ ಹಣ ಕೊಡಲು ಒಪ್ಪಿತು. ಮಾವಿಯ ಆ ವಿಡಿಯೋಗೆ ಆಗ ಮೂವತ್ತು ವರ್ಷ ದಾಟಿತ್ತು. ಅದೇ ನಿಯಮಾವಳಿಯಲ್ಲಿ ಇನ್ನೊಂದು ಬದಲಾವಣೆಯೂ ಇತ್ತು, ಅದನ್ನು ಹೆಚ್ಚಿನವರು ಗಮನಿಸಲಿಲ್ಲ: ಬೇರಿಯಂ ಎನಿಮಾಕ್ಕೆ ಇನ್ನು ಮುಂದೆ ಹಣವಿಲ್ಲ.